ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆಯೇ? ಭಾವೀ ಭೂಗೋಳ ಶಿಕ್ಷಕರ ತಪ್ಪುಗ್ರಹಿಕೆಗಳನ್ನು ಕುರಿತು

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಬಿ.ಇಡಿ. ಕಾಲೇಜಿನಲ್ಲಿ ಭೂಗೋಳ ಬೋಧನಾ ವಿಧಾನವನ್ನು ಕಲಿಸುತ್ತಿದ್ದೇನೆ. ಇತ್ತೀಚೆಗೆ ಅಣುಬೋಧನೆಯ (ಸಹಪಾಠಿಗಳ ಮುಂದೆ ಚಿಕ್ಕ ಪಾಠ ಮಾಡುವ ಅಭ್ಯಾಸದ) ಸಮಯದಲ್ಲಿ, ಪದವಿಯಲ್ಲಿ ಭೂಗೋಳವನ್ನೇ ಓದಿ ಬಂದಿರುವ ಪ್ರಶಿಕ್ಷಣಾರ್ಥಿಯೊಬ್ಬರು "ಭೂಮಿಯು ಸೂರ್ಯನಿಗೆ ಹತ್ತಿರವಾದಾಗ ಬೇಸಿಗೆ, ದೂರವಾದಾಗ ಚಳಿಗಾಲ" ಎಂದು ಬಹಳ ಆತ್ಮವಿಶ್ವಾಸದಿಂದ ಪಾಠ ಮಾಡಿದರು. ಕೇಳುತ್ತಿದ್ದ ಉಳಿದವರಲ್ಲಿ ಒಬ್ಬರೂ ಆಕ್ಷೇಪಿಸಲಿಲ್ಲ. ಪಾಠದ ನಂತರ ನಾನು ಸರಿಯಾದ ಉತ್ತರ ಹೇಳಿದೆ, ಎಲ್ಲರೂ ಬರೆದುಕೊಂಡರು. ಆದರೆ ಅದು ಮನಸ್ಸಿಗೆ ಇಳಿಯಿತೆಂದು ನನಗೆ ಅನ್ನಿಸುತ್ತಿಲ್ಲ. ಮುಂದಿನ ವರ್ಷ ಇವರೇ ಮಕ್ಕಳ ಮುಂದೆ ನಿಲ್ಲುವವರು. ಅವರಿಗೆ ಅವಮಾನವಾಗದಂತೆ ಇಂತಹ ತಪ್ಪುಗ್ರಹಿಕೆಗಳನ್ನು ನಿವಾರಿಸುವುದು ಹೇಗೆ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಬರೆದುಕೊಂಡ ಉತ್ತರ ಪರೀಕ್ಷೆಯವರೆಗೆ ಉಳಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಹಳೆಯ ಕಲ್ಪನೆ ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಏಕೆಂದರೆ ಆ ಪ್ರಶಿಕ್ಷಣಾರ್ಥಿಯದು ತಿಳಿವಳಿಕೆಯ ಕೊರತೆಯಲ್ಲ. ಅವರಲ್ಲಿ ಒಂದು ತಿಳಿವಳಿಕೆ ಈಗಾಗಲೇ ಇದೆ, ಅದು ಸುಸಂಗತವಾಗಿದೆ, ಅನುಭವದಿಂದಲೇ ಬಂದಿದೆ. ಒಲೆಯ ಹತ್ತಿರ ಕೂತರೆ ಬಿಸಿ, ದೂರ ಸರಿದರೆ ತಂಪು ಎಂಬುದನ್ನು ನಡೆಯಲು ಕಲಿಯುವ ಮೊದಲೇ ಕಲಿತ ಮನಸ್ಸು ಸೂರ್ಯನಿಗೂ ಅದೇ ನಿಯಮವನ್ನು ಹಚ್ಚುತ್ತದೆ. 1980ರ ದಶಕದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದ ದಿನ, ಗೌನು ತೊಟ್ಟು ನಿಂತಿದ್ದ ಪದವೀಧರರಿಗೆ ಇದೇ ಪ್ರಶ್ನೆಯನ್ನು ಕೇಳಿ ಚಿತ್ರೀಕರಿಸಿದಾಗ, ಹೆಚ್ಚಿನವರು ಕೊಟ್ಟದ್ದು ನಿಮ್ಮ ಪ್ರಶಿಕ್ಷಣಾರ್ಥಿ ಕೊಟ್ಟ ಉತ್ತರವನ್ನೇ. ಈ ಸಂಗತಿಯನ್ನು ನಿಮ್ಮ ತರಗತಿಯಲ್ಲಿ ಮೊದಲೇ ಹೇಳಿಬಿಡಿ. ಅವಮಾನದ ಅರ್ಧ ಭಾರ ಅಲ್ಲಿಯೇ ಇಳಿಯುತ್ತದೆ.

ಒಲೆಯ ಅನುಭವವನ್ನು ಗಟ್ಟಿಗೊಳಿಸುವುದು ನಮ್ಮ ಚಿತ್ರಗಳು. ಋತುಗಳ ಪಾಠದ ಚಿತ್ರದಲ್ಲಿ ಭೂಮಿಯ ಕಕ್ಷೆಯನ್ನು ಓರೆಯಾಗಿ ನೋಡಿದಂತೆ ಬರೆಯುವುದರಿಂದ ಅದು ಮೊಟ್ಟೆಯಂತೆ ಉದ್ದುದ್ದವಾಗಿ ಕಾಣುತ್ತದೆ. ನೋಡಿದವರು ಎರಡು ತುದಿಗಳು ದೂರ, ಎರಡು ಬದಿಗಳು ಹತ್ತಿರ ಎಂದು ಓದಿಕೊಳ್ಳುತ್ತಾರೆ. ನಿಜವಾದ ಪ್ರಮಾಣದಲ್ಲಿ ಬರೆದರೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿಸಿ. ಕಕ್ಷೆಯ ಉತ್ಕೇಂದ್ರತೆ, ಅಂದರೆ ಅದು ವೃತ್ತದಿಂದ ಎಷ್ಟು ದೂರ ಸರಿದಿದೆ ಎಂಬುದರ ಅಳತೆ, 0.0167 (ಪೂರ್ಣ ವೃತ್ತಕ್ಕೆ ಇದು ಸೊನ್ನೆ). ಹಾಳೆಯ ಮೇಲೆ ಕಕ್ಷೆಯ ಉದ್ದವನ್ನು 10 ಸೆಂಟಿಮೀಟರ್ ಇಟ್ಟುಕೊಂಡರೆ ಅದರ ಅಗಲ ಕಡಿಮೆಯಾಗುವುದು ಸುಮಾರು 0.014 ಮಿಲಿಮೀಟರ್, ಅಂದರೆ ಪೆನ್ಸಿಲ್ ಗೆರೆಯ ದಪ್ಪಕ್ಕಿಂತ, ಕೂದಲೆಳೆಗಿಂತಲೂ ಬಹಳ ಕಡಿಮೆ. ಸೂರ್ಯನು ನಡುಬಿಂದುವಿನಿಂದ ಸುಮಾರು 0.8 ಮಿಲಿಮೀಟರ್ ಪಕ್ಕಕ್ಕಿರುತ್ತಾನೆ, ಅಷ್ಟೆ. ಕೈವಾರದಲ್ಲಿ ಎಳೆದ ವೃತ್ತಕ್ಕೂ ಭೂಕಕ್ಷೆಗೂ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಈ ಲೆಕ್ಕವನ್ನು ನೀವು ಹಲಗೆಯ ಮೇಲೆ ಮಾಡಿ ತೋರಿಸಬೇಡಿ, ಅವರ ಕೈಯಿಂದಲೇ ಮಾಡಿಸಿ.

ಅನಂತರ ದಿನಾಂಕಗಳನ್ನು ಮುಂದಿಡಿ. ಭೂಮಿ ಸೂರ್ಯನಿಗೆ ಅತ್ಯಂತ ಹತ್ತಿರವಿರುವುದು, ಅಂದರೆ ಪುರರವಿ, ಜನವರಿಯ ಮೊದಲ ವಾರದಲ್ಲಿ. ಆಗಿನ ಅಂತರ ಸುಮಾರು 14.71 ಕೋಟಿ ಕಿಲೋಮೀಟರ್. ಅತ್ಯಂತ ದೂರವಿರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.21 ಕೋಟಿ ಕಿಲೋಮೀಟರ್. ಹತ್ತಿರವಿದ್ದಾಗ ಬೇಸಿಗೆ ಎಂಬುದು ನಿಜವಾಗಿದ್ದರೆ ಚಿತ್ರದುರ್ಗದಲ್ಲಿ ಜನವರಿಯ ಬೆಳಗಿನ ಜಾವ ಕಂಬಳಿ ಬೇಕಾಗುತ್ತಿರಲಿಲ್ಲ. ದೂರದಿಂದ ಯಾವ ಪರಿಣಾಮವೂ ಇಲ್ಲ ಎಂದು ಮಾತ್ರ ಹೇಳಿಕೊಡಬೇಡಿ, ಅದು ಇನ್ನೊಂದು ತಪ್ಪು. ಜನವರಿಯಲ್ಲಿ ಇಡೀ ಭೂಮಿಗೆ ತಲುಪುವ ಸೂರ್ಯಶಕ್ತಿ ಜುಲೈಗಿಂತ ಸುಮಾರು ಶೇ. 7ರಷ್ಟು ಹೆಚ್ಚಿರುತ್ತದೆ. ಆದರೆ ಆ ಹೆಚ್ಚಳ ಎರಡೂ ಗೋಳಾರ್ಧಗಳಿಗೆ ಒಟ್ಟಿಗೇ ಸಿಗುವುದರಿಂದ, ಒಂದು ಗೋಳಾರ್ಧದಲ್ಲಿ ಬೇಸಿಗೆ ಇರುವಾಗ ಇನ್ನೊಂದರಲ್ಲಿ ಚಳಿಗಾಲ ಏಕೆ ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ.

ಇಲ್ಲಿಗೆ ಕೆಲಸ ಮುಗಿಯಿತೆಂದು ಹೆಚ್ಚಿನ ಉಪನ್ಯಾಸಕರು ಭಾವಿಸುತ್ತಾರೆ. ನನ್ನ ಅನುಭವದಲ್ಲಿ ನಿಜವಾದ ತೊಡಕು ಶುರುವಾಗುವುದೇ ಇಲ್ಲಿಂದ. "ಅಕ್ಷದ ವಾಲುವಿಕೆಯೇ ಋತುಗಳಿಗೆ ಕಾರಣ" ಎಂದು ಸರಿಯಾಗಿ ಬರೆಯುವ ಪ್ರಶಿಕ್ಷಣಾರ್ಥಿಯನ್ನು "ವಾಲಿದರೆ ಬಿಸಿ ಏಕೆ ಹೆಚ್ಚಬೇಕು?" ಎಂದು ಕೇಳಿ ನೋಡಿ. "ವಾಲಿದಾಗ ಉತ್ತರ ಗೋಳಾರ್ಧ ಸೂರ್ಯನಿಗೆ ಹತ್ತಿರವಾಗುತ್ತದೆ, ಅದಕ್ಕೆ" ಎಂಬ ಉತ್ತರ ಹತ್ತರಲ್ಲಿ ಆರೇಳು ಬಾರಿಯಾದರೂ ನನಗೆ ಬಂದಿದೆ. ಹಳೆಯ ಕಲ್ಪನೆಯೇ ವೇಷ ಬದಲಿಸಿ ಬಂದಿದೆ, ಪರೀಕ್ಷಕರಿಂದ ಪೂರ್ತಿ ಅಂಕವನ್ನೂ ಗಿಟ್ಟಿಸಿದೆ. ಭೂಮಿಯ ವ್ಯಾಸವೇ 12,742 ಕಿಲೋಮೀಟರ್. ವಾಲುವುದರಿಂದ ಆಗುವ ಹತ್ತಿರ ಅದಕ್ಕಿಂತಲೂ ಕಡಿಮೆ. ಜನವರಿ ಮತ್ತು ಜುಲೈ ನಡುವಿನ ಅಂತರದ ವ್ಯತ್ಯಾಸವಾದರೋ 50 ಲಕ್ಷ ಕಿಲೋಮೀಟರ್. ಐವತ್ತು ಲಕ್ಷಕ್ಕೆ ಬಗ್ಗದ ಚಳಿ ಕೆಲವು ಸಾವಿರಕ್ಕೆ ಬಗ್ಗೀತೇ? ಇನ್ನು ಕೆಲವರು ಅಕ್ಷವು ಆರು ತಿಂಗಳು ಒಂದು ಕಡೆಗೆ, ಆರು ತಿಂಗಳು ಇನ್ನೊಂದು ಕಡೆಗೆ ತೂಗುತ್ತದೆ ಎಂದು ಕಲ್ಪಿಸಿಕೊಂಡಿರುತ್ತಾರೆ. ಅಂಥವರ ಕೈಗೆ ಗ್ಲೋಬ್ ಕೊಟ್ಟು, ಅಕ್ಷದ ತುದಿ ಸದಾ ಕೊಠಡಿಯ ಒಂದೇ ಗೋಡೆಯ ಕಡೆಗಿರುವಂತೆ ಹಿಡಿದು, ನಡುವೆ ಇಟ್ಟ ದೀಪದ ಸುತ್ತ ನಡೆಯಲು ಹೇಳಿದರೆ ಸಾಕು.

ಇಂತಹ ಬೆರಕೆ ಕಲ್ಪನೆಗಳನ್ನು ಸಂಶೋಧಕರು ಚೆನ್ನಾಗಿ ಗುರುತಿಸಿದ್ದಾರೆ. 1992ರಲ್ಲಿ ಸ್ಟೆಲ್ಲಾ ವೊಸ್ನಿಯಾಡೂ ಮತ್ತು ವಿಲಿಯಂ ಬ್ರೂವರ್ ಅಮೆರಿಕದ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಭೂಮಿಯ ಆಕಾರವನ್ನು ಕುರಿತು ಪ್ರಶ್ನೆಗಳನ್ನು ಕೇಳಿದಾಗ, ಭೂಮಿ ದುಂಡಗಿದೆ ಎಂದೇ ಹೇಳುವ ಕೆಲವು ಮಕ್ಕಳು ಆ ದುಂಡಿನ ಒಳಗೆ ಸಪಾಟಾದ ನೆಲವಿದ್ದು ಜನ ಅದರ ಮೇಲೆ ವಾಸಿಸುತ್ತಾರೆಂದು ತಿಳಿದಿದ್ದರು. ಶಿಕ್ಷಕರು ಹೇಳಿದ್ದನ್ನೂ ಕೈಬಿಡದೆ, ಕಣ್ಣಿಗೆ ಕಂಡದ್ದನ್ನೂ ಕೈಬಿಡದೆ, ಎರಡನ್ನೂ ಹೊಂದಿಸಿ ಮಕ್ಕಳು ಮೂರನೆಯದೊಂದನ್ನು ಕಟ್ಟಿಕೊಂಡಿದ್ದರು. ನಿಮ್ಮ ಪ್ರಶಿಕ್ಷಣಾರ್ಥಿಗಳ "ವಾಲಿ ಹತ್ತಿರವಾಗುವ ಭೂಮಿ" ಇದೇ ಜಾತಿಯದು. ಆದ್ದರಿಂದ ಉತ್ತರವನ್ನಷ್ಟೇ ಕೇಳುವ ಪ್ರಶ್ನೆ ಸಾಲದು. ಉತ್ತರದ ಕೆಳಗೆ "ಏಕೆಂದರೆ" ಎಂದು ಒಂದು ಸಾಲು ಬಿಟ್ಟು, ಅದನ್ನೂ ತುಂಬಿಸಬೇಕು. ಸರಿ ಉತ್ತರಕ್ಕೆ ತಪ್ಪು ಕಾರಣ ಕೊಟ್ಟವರೇ ನೀವು ಹುಡುಕುತ್ತಿರುವವರು.

ಇನ್ನು ಮಾಡಬೇಕಾದ ಕೆಲಸಕ್ಕೆ ಬರುತ್ತೇನೆ. ನಾನು ಯಾವ ದುಬಾರಿ ಉಪಕರಣವನ್ನೂ ಹೇಳುವುದಿಲ್ಲ. ಕಾಲೇಜಿನ ಅಂಗಳದಲ್ಲಿ ಬಿಸಿಲು ಚೆನ್ನಾಗಿ ಬೀಳುವ, ಮರ ಗೋಡೆಗಳ ನೆರಳು ತಾಗದ ಕಡೆ, ಸಮತಟ್ಟಾದ ನೆಲದ ಮೇಲೆ ಒಂದು ಮೀಟರ್ ಎತ್ತರದ ನೇರವಾದ ಕೋಲನ್ನು ತೂಗುಗುಂಡು ಹಿಡಿದು ಲಂಬವಾಗಿ ನೆಡಿಸಿ. ನಮ್ಮ ಹಳೆಯ ಜ್ಯೋತಿಶ್ಶಾಸ್ತ್ರಜ್ಞರು ಇದನ್ನು ಶಂಕು ಎಂದು ಕರೆದು ಇದರಿಂದಲೇ ದಿಕ್ಕು, ಅಕ್ಷಾಂಶಗಳನ್ನು ಕಂಡುಕೊಳ್ಳುತ್ತಿದ್ದರು. ಕೋಲು ನೆಟ್ಟ ದಿನ ಏನನ್ನೂ ವಿವರಿಸಬೇಡಿ. ಒಂದೇ ಪ್ರಶ್ನೆ ಕೇಳಿ: "ಜೂನ್ 21ರಂದು ನಡುಹಗಲಿನಲ್ಲಿ ಈ ಕೋಲಿನ ನೆರಳು ಯಾವ ದಿಕ್ಕಿಗೆ, ಎಷ್ಟು ಉದ್ದ ಬೀಳುತ್ತದೆ? ಡಿಸೆಂಬರ್ 21ರಂದು?" ಪ್ರತಿಯೊಬ್ಬರೂ ಕಾರಣಸಮೇತ ಬರೆದು, ಹೆಸರು ಹಾಕಿ, ಮಡಚಿ ನಿಮಗೆ ಕೊಡಲಿ. ನೀವೂ ಒಂದು ಚೀಟಿ ಬರೆದು ಹಾಕಿ.

ಹೆಚ್ಚಿನ ಚೀಟಿಗಳಲ್ಲಿ "ಮಧ್ಯಾಹ್ನ ನೆರಳು ಇರುವುದಿಲ್ಲ, ಸೂರ್ಯ ನೆತ್ತಿಯ ಮೇಲಿರುತ್ತಾನೆ" ಎಂದಿರುತ್ತದೆ. ಪದವಿಯವರೆಗೆ ಅಕ್ಷಾಂಶಗಳನ್ನು ಓದಿದವರೂ ಹೀಗೆ ಬರೆಯುತ್ತಾರೆ, ಏಕೆಂದರೆ "ನೆತ್ತಿಯ ಮೇಲೆ ಸೂರ್ಯ" ಎಂಬ ಮಾತು ನಮ್ಮ ನುಡಿಯಲ್ಲಿ ಅಷ್ಟು ಸಹಜವಾಗಿದೆ. ನಿಮ್ಮ ಊರು ಸುಮಾರು 14.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಸೂರ್ಯ ನಿಜವಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ದಿನ, ಏಪ್ರಿಲ್ 28 ಮತ್ತು ಆಗಸ್ಟ್ 14ರ ಆಸುಪಾಸಿನಲ್ಲಿ. ಬೆಂಗಳೂರಿನಲ್ಲಿ ಇದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಡೆಯುತ್ತದೆ. ಶೂನ್ಯ ನೆರಳಿನ ದಿನವೆಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಈ ಎರಡು ದಿನಗಳ ನಡುವೆ ನಡುಹಗಲಿನ ಸೂರ್ಯ ನಿಮ್ಮ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ 21ರಂದು ಒಂದು ಮೀಟರ್ ಕೋಲಿಗೆ ಸುಮಾರು 16 ಸೆಂಟಿಮೀಟರ್ ನೆರಳು ದಕ್ಷಿಣದ ಕಡೆಗೆ; ಡಿಸೆಂಬರ್ 21ರಂದು ಸುಮಾರು 77 ಸೆಂಟಿಮೀಟರ್ ಉತ್ತರದ ಕಡೆಗೆ. ದೆಹಲಿಯಲ್ಲಿ ಮಾತ್ರ ನೆರಳು ವರ್ಷದಲ್ಲಿ ಒಂದು ದಿನವೂ ಪೂರ್ತಿ ಮಾಯವಾಗುವುದಿಲ್ಲ, ಏಕೆಂದರೆ ಅದು ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆಗಿದೆ.

ಈ ಅಳತೆಗಳು ಕೈಯಲ್ಲಿದ್ದಾಗ ವಾಲುವಿಕೆ ಎಂಬುದು ಕಂಠಪಾಠದ ಪದವಾಗಿ ಉಳಿಯುವುದಿಲ್ಲ. ನೆರಳು ಉದ್ದವಾದ ದಿನ ಬಿಸಿಲು ಓರೆಯಾಗಿ ಬಂದು ಹೆಚ್ಚು ನೆಲದ ಮೇಲೆ ಹರಡಿಕೊಂಡಿರುತ್ತದೆ. ಜೊತೆಗೆ ಹಗಲೂ ಚಿಕ್ಕದು: ನಿಮ್ಮಲ್ಲಿ ಜೂನ್ ಕೊನೆಯಲ್ಲಿ ಹಗಲು ಸುಮಾರು ಹದಿಮೂರು ಗಂಟೆಯಷ್ಟಿದ್ದರೆ ಡಿಸೆಂಬರ್ ಕೊನೆಯಲ್ಲಿ ಹನ್ನೊಂದೂಕಾಲು ಗಂಟೆ. ಬಿಸಿಲಿನ ಓರೆ ಮತ್ತು ಹಗಲಿನ ಅಳತೆ, ಇವೆರಡನ್ನೂ ಸೇರಿಸಿ ಹೇಳಿದವರು ಮಾತ್ರ ಋತುಗಳನ್ನು ವಿವರಿಸಿದಂತೆ.

ಕೋಲಿನಿಂದ ಹೊರಬೀಳುವ ಇನ್ನೂ ಎರಡು ತಪ್ಪುಗ್ರಹಿಕೆಗಳಿವೆ. ಮೊದಲನೆಯದು, ನೆರಳು ಅತ್ಯಂತ ಚಿಕ್ಕದಾಗುವುದು ಗಡಿಯಾರದ ಹನ್ನೆರಡಕ್ಕೆ ಎಂಬುದು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಚಿತ್ರದುರ್ಗ ಇರುವುದು 76.4ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು 24 ನಿಮಿಷ ತಡ. ಹನ್ನೆರಡು ಗಂಟೆಯಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೆ ಗುರುತು ಹಾಕಿಸಿದರೆ ಅವರೇ ಇದನ್ನು ಕಂಡುಹಿಡಿಯುತ್ತಾರೆ, ರೇಖಾಂಶದ ಪಾಠ ಪುಕ್ಕಟೆಯಾಗಿ ಆಗುತ್ತದೆ.

ಎರಡನೆಯದು ನಮ್ಮ ಪರಿಭಾಷೆಯೇ ಹುಟ್ಟಿಸಿದ್ದು. "ಮಕರ ಸಂಕ್ರಾಂತಿ ವೃತ್ತ" ಎಂಬ ಹೆಸರನ್ನು ಕಲಿತ ಕನ್ನಡದ ವಿದ್ಯಾರ್ಥಿ, ಎಳ್ಳುಬೆಲ್ಲ ಹಂಚುವ ಮಕರ ಸಂಕ್ರಾಂತಿಯ ದಿನವೇ ಸೂರ್ಯ ಆ ವೃತ್ತದ ಮೇಲಿದ್ದು ಅಂದಿನಿಂದ ಉತ್ತರಕ್ಕೆ ತಿರುಗುತ್ತಾನೆಂದು ನಂಬುತ್ತಾನೆ. ಇಂಗ್ಲಿಷಿನಲ್ಲಿ ಓದಿದವರಿಗೆ ಈ ಗೊಂದಲ ಅಷ್ಟಾಗಿ ಇರುವುದಿಲ್ಲ. ಹಾಗಾಗಿ ಹೊರಗಿನ ಪಠ್ಯಗಳ ತಪ್ಪುಗ್ರಹಿಕೆಗಳ ಪಟ್ಟಿಯಲ್ಲಿ ಇದು ಕಾಣಿಸುವುದೂ ಇಲ್ಲ. ಸೂರ್ಯ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಹಬ್ಬದ ಹೊತ್ತಿಗೆ ನಿಮ್ಮ ಕೋಲಿನ ನೆರಳು 77ರಿಂದ ಸುಮಾರು 72 ಸೆಂಟಿಮೀಟರಿಗೆ ಆಗಲೇ ಕುಗ್ಗಿರುತ್ತದೆ. ಪಂಚಾಂಗ ತಪ್ಪೆಂದು ಇದರ ಅರ್ಥವಲ್ಲ, ಹಾಗೆ ಹೇಳಿ ತರಗತಿಯನ್ನು ಎರಡು ಪಕ್ಷ ಮಾಡಬೇಡಿ. ಪಂಚಾಂಗವು ಸೂರ್ಯನ ಸ್ಥಾನವನ್ನು ನಕ್ಷತ್ರಗಳಿಂದ ಅಳೆಯುತ್ತದೆ, ಋತುಗಳು ಅಕ್ಷದ ದಿಕ್ಕನ್ನು ಅನುಸರಿಸುತ್ತವೆ. ಆ ಅಕ್ಷವಾದರೋ ಸುಮಾರು 26,000 ವರ್ಷಗಳಿಗೊಮ್ಮೆ ಬುಗುರಿಯಂತೆ ಒಂದು ಸುತ್ತು ಓಲಾಡುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬೀಳುತ್ತಿದ್ದವು, ಅಂದಿನಿಂದ ದಿನ ದಿನವಾಗಿ ಸರಿದು ಈಗ ಮೂರು ವಾರಕ್ಕೂ ಹೆಚ್ಚು ಅಂತರವಾಗಿದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಬೇಕು. ಇಷ್ಟನ್ನೂ ಚೆನ್ನಾಗಿ ಕಲಿತ ಪ್ರಶಿಕ್ಷಣಾರ್ಥಿ ಶಾಲೆಗೆ ಹೋದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು "ಹಗಲು ಎಲ್ಲಕ್ಕಿಂತ ದೊಡ್ಡದಾಗಿರುವುದು ಜೂನ್‌ನಲ್ಲಿ, ಸೆಕೆ ಮಾತ್ರ ಏಪ್ರಿಲ್–ಮೇ ತಿಂಗಳಲ್ಲೇಕೆ?" ಎಂದು ಕೇಳಿದರೆ ತಬ್ಬಿಬ್ಬಾಗುತ್ತಾರೆ. ನಾಲ್ಕು ಋತುಗಳ ಚಿತ್ರ ಸಮಶೀತೋಷ್ಣ ದೇಶಗಳಿಗೆ ಬರೆದದ್ದು. ನಮ್ಮಲ್ಲಿ ಏಪ್ರಿಲ್ ಕೊನೆಗೇ ಸೂರ್ಯ ನೆತ್ತಿಗೆ ಬಂದಿರುತ್ತಾನೆ, ಆಕಾಶ ತಿಳಿಯಾಗಿರುತ್ತದೆ, ನೆಲ ಒಣಗಿರುತ್ತದೆ. ಜೂನ್ ಬರುವಷ್ಟರಲ್ಲಿ ಮುಂಗಾರಿನ ಮೋಡ ಬಿಸಿಲಿಗೆ ಅಡ್ಡ ಬಂದಿರುತ್ತದೆ. ಬೇಸಿಗೆ, ಮಳೆಗಾಲ, ಚಳಿಗಾಲ ಎಂಬ ನಮ್ಮ ವಿಂಗಡಣೆಯಲ್ಲಿ ವಾಲುವಿಕೆಯ ಜೊತೆಗೆ ಮಾರುತಗಳ ಪಾಲೂ ಇದೆ ಎಂಬುದನ್ನು ಮೊದಲೇ ಹೇಳದಿದ್ದರೆ ಹೊಸ ತಿಳಿವಳಿಕೆ ಮೊದಲ ಪ್ರಶ್ನೆಗೇ ಕುಸಿಯುತ್ತದೆ.

ಮಾರುತಗಳ ಮಾತು ಬಂದದ್ದರಿಂದ ನಿಮ್ಮ ಜಿಲ್ಲೆಗೇ ಸೇರಿದ ಇನ್ನೊಂದು ತಪ್ಪುಗ್ರಹಿಕೆಯನ್ನು ಎತ್ತಿಕೊಳ್ಳುತ್ತೇನೆ. "ಮೋಡಗಳು ಪಶ್ಚಿಮ ಘಟ್ಟಕ್ಕೆ ಡಿಕ್ಕಿ ಹೊಡೆದು ಮಳೆ ಸುರಿಸುತ್ತವೆ, ಬೆಟ್ಟ ತಡೆಯುವುದರಿಂದ ಈಚೆಗೆ ಮಳೆಯಿಲ್ಲ." ನಾನೇ ವೃತ್ತಿಯ ಆರಂಭದಲ್ಲಿ ಹಲವು ವರ್ಷ ಘಟ್ಟವನ್ನು ಅಡ್ಡಗೋಡೆ ಎಂದು ಕಲಿಸಿದ್ದೇನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಚಳ್ಳಕೆರೆಯಲ್ಲಿ 500 ಮುಟ್ಟುವುದೂ ಕಷ್ಟ ಎಂಬ ಅಂಕಿಗಳು ಗೋಡೆಯ ಕಲ್ಪನೆಗೆ ಚೆನ್ನಾಗಿ ಹೊಂದುತ್ತವೆ. ಅದಕ್ಕೇ ಅದು ಸುಲಭವಾಗಿ ಬಿಡುವುದಿಲ್ಲ. ಅಲುಗಾಡಿಸಲು ಎರಡು ಪ್ರಶ್ನೆಗಳು ಸಾಕು. ಡಿಕ್ಕಿಯಿಂದಲೇ ಮಳೆಯಾದರೆ, ಇನ್ನೂ ಬೆಟ್ಟ ಮುಟ್ಟದ ಮಂಗಳೂರಿನ ಕಡಲ ತೀರದಲ್ಲಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಏಕೆ? ಘಟ್ಟ ಗಾಳಿಯನ್ನು ತಡೆಯುವುದಾದರೆ, ಚಿತ್ರದುರ್ಗದ ಜೋಗಿಮಟ್ಟಿಯ ಗಾಳಿಯಂತ್ರಗಳು ಮಳೆಗಾಲದಲ್ಲಿ ಯಾವ ಗಾಳಿಗೆ ತಿರುಗುತ್ತವೆ?

ಎರಡನೆಯ ಪ್ರಶ್ನೆ ಕೇಳಿದಾಗ ತರಗತಿ ಮೌನವಾಗುತ್ತದೆ, ಏಕೆಂದರೆ ಜೂನ್–ಜುಲೈನಲ್ಲಿ ಪಡುವಲ ಗಾಳಿ ಬೀಸುವುದನ್ನೂ, ಮೋಡಗಳು ಹನಿಯುದುರಿಸದೆ ಮೂಡಣಕ್ಕೆ ಓಡುವುದನ್ನೂ ಅವರೆಲ್ಲ ಹುಟ್ಟಿದಂದಿನಿಂದ ನೋಡಿದ್ದಾರೆ. ಗಾಳಿ ನಿಂತಿಲ್ಲ, ದಾಟಿ ಬಂದಿದೆ. ಘಟ್ಟ ಮಾಡುವ ಕೆಲಸ ಗಾಳಿಯನ್ನು ಮೇಲಕ್ಕೆ ಏರಿಸುವುದು. ಏರಿದ ಗಾಳಿಯ ಮೇಲಿನ ಒತ್ತಡ ಕಡಿಮೆಯಾಗಿ ಅದು ಹಿಗ್ಗುತ್ತದೆ, ಹಿಗ್ಗಿದ್ದರಿಂದ ತಣಿಯುತ್ತದೆ, ತೇವದಿಂದ ತುಂಬುವವರೆಗೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಂತೆ. ತಣಿದಾಗ ಆವಿ ಹನಿಗಟ್ಟುತ್ತದೆ. ಏರುವಿಕೆ ಬೆಟ್ಟದ ಬುಡದಲ್ಲಿ ಥಟ್ಟನೆ ಆರಂಭವಾಗುವುದಿಲ್ಲ, ಅದಕ್ಕೆ ಮುಂಚಿನಿಂದಲೇ ಇರುತ್ತದೆ. ಮಳೆಗಾಲದಲ್ಲಿ ಕರಾವಳಿಗುಂಟ ಉಂಟಾಗುವ ಕಡಿಮೆ ಒತ್ತಡದ ಪಟ್ಟಿಯೂ ತೀರದ ಮಳೆಗೆ ಕಾರಣ. ಘಟ್ಟ ದಾಟಿದ ಗಾಳಿ ಇಳಿಯುವಾಗ ಕುಗ್ಗಿ ಬಿಸಿಯಾಗುತ್ತದೆ, ಆವಿಯನ್ನು ಬಿಟ್ಟುಕೊಡುವುದಿಲ್ಲ. "ಮಳೆ ನೆರಳು" ಎಂಬ ಪದವೂ ಬೆಟ್ಟವೇ ಮರೆ ಎಂಬ ಭಾವವನ್ನು ಬಲಪಡಿಸುತ್ತದೆ. ನಿಮ್ಮ ಮೂಡಣ ತಾಲ್ಲೂಕುಗಳಿಗೆ ಹೆಚ್ಚಿನ ಮಳೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬರುತ್ತದೆ ಎಂಬುದನ್ನು ರೈತರ ಮನೆಯಿಂದ ಬಂದ ಪ್ರಶಿಕ್ಷಣಾರ್ಥಿಗಳೇ ಹೇಳುತ್ತಾರೆ, ಅವರಿಂದಲೇ ಹೇಳಿಸಿ.

ಪದಗಳಿಂದ ಬರುವ ಗೊಂದಲಗಳಲ್ಲಿ ಇನ್ನೊಂದೇ ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ಪಠ್ಯದಲ್ಲಿ ದಿನದಿನದ ಸ್ಥಿತಿಗೆ ಹವಾಮಾನ, ದೀರ್ಘಕಾಲದ ಸರಾಸರಿಗೆ ವಾಯುಗುಣ ಎಂದಿರುತ್ತದೆ. ಪತ್ರಿಕೆಗಳು ವಾಯುಗುಣದ ಬದಲಾವಣೆಯನ್ನು "ಹವಾಮಾನ ಬದಲಾವಣೆ" ಎಂದೇ ಬರೆಯುತ್ತವೆ. ಪ್ರಶಿಕ್ಷಣಾರ್ಥಿ ಎರಡನ್ನೂ ಒಂದೇ ಎಂದುಕೊಂಡರೆ ತಪ್ಪು ಅವರೊಬ್ಬರದೇ ಅಲ್ಲ. ನಕಾಶೆಯಲ್ಲಿ ಉತ್ತರ "ಮೇಲೆ" ಇರುವುದರಿಂದ ನದಿಗಳು ಸಹಜವಾಗಿ ದಕ್ಷಿಣಕ್ಕೆ "ಇಳಿಯುತ್ತವೆ" ಎಂಬ ಭಾವನೆಗೆ ವಾಣಿವಿಲಾಸ ಸಾಗರದಿಂದ ಉತ್ತರಕ್ಕೆ ಹರಿದು ತುಂಗಭದ್ರೆಯನ್ನು ಸೇರುವ ವೇದಾವತಿಯೇ ಉತ್ತರ.

ಅವಮಾನದ ಪ್ರಶ್ನೆಗೆ ಮರಳುತ್ತೇನೆ. ಅಣುಬೋಧನೆಯ ನಡುವೆ ತಡೆದು ತಿದ್ದುವುದು ನನಗೆ ಸರಿಯೆನ್ನಿಸುವುದಿಲ್ಲ; ಆಗ ಉಳಿದವರು ಭೂಗೋಳವನ್ನು ಕಲಿಯುವುದಿಲ್ಲ, ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯುತ್ತಾರೆ. ನಿಮ್ಮ ತರಗತಿಯಲ್ಲಿ ಒಬ್ಬರೂ ಆಕ್ಷೇಪಿಸಲಿಲ್ಲವೆಂದರೆ ಆ ತಪ್ಪು ಒಬ್ಬರದಲ್ಲ, ಎಲ್ಲರದು. ಆದ್ದರಿಂದ ಮರುದಿನ ಎಲ್ಲರಿಂದಲೂ ಚೀಟಿ ಬರೆಸಿ, ಹೆಸರುಗಳನ್ನು ಮರೆಮಾಡಿ, ಉತ್ತರಗಳನ್ನು ಮಾತ್ರ ಹಲಗೆಯ ಮೇಲೆ ಸಾಲಾಗಿ ಬರೆಯುವುದು ಮೇಲು. 1982ರಲ್ಲಿ ಜಾರ್ಜ್ ಪೋಸ್ನರ್ ಮತ್ತು ಸಂಗಡಿಗರು ಪರಿಕಲ್ಪನೆ ಬದಲಾಗಲು ಬೇಕಾದ ಸ್ಥಿತಿಗಳನ್ನು ವಿವರಿಸುವಾಗ, ಮೊದಲು ಹಳೆಯ ಕಲ್ಪನೆಯ ಬಗ್ಗೆ ಅತೃಪ್ತಿ ಹುಟ್ಟಬೇಕು ಎಂದರು. ಅತೃಪ್ತಿ ಹುಟ್ಟಬೇಕಾದದ್ದು ಕಲ್ಪನೆಯ ಮೇಲೆ, ಕಲ್ಪಿಸಿದವರ ಮೇಲಲ್ಲ. ಅದನ್ನು ಕೋಲಿನ ನೆರಳು ಹುಟ್ಟಿಸಿದರೆ ಯಾರ ಮುಖವೂ ಬಾಡುವುದಿಲ್ಲ.

ಇನ್ನೊಂದು ಬದಲಾವಣೆಯನ್ನು ಪಾಠ ಯೋಜನೆಯಲ್ಲಿ ಮಾಡಿ. "ಪೂರ್ವಜ್ಞಾನ" ಎಂಬ ಕಾಲಂನಲ್ಲಿ ನಮ್ಮವರು "ವಿದ್ಯಾರ್ಥಿಗಳಿಗೆ ಭೂಮಿಯ ಚಲನೆಗಳ ಬಗ್ಗೆ ತಿಳಿದಿದೆ" ಎಂದು ಒಂದು ಸಾಲು ಗೀಚಿ ಮುಂದೆ ಹೋಗುತ್ತಾರೆ. ಅದರ ಬದಲು ಮಕ್ಕಳು ಯಾವ ತಪ್ಪು ವಿವರಣೆಯೊಂದಿಗೆ ಬರಬಹುದು, ಅದು ಅವರಿಗೆ ಏಕೆ ಸರಿಯೆನಿಸುತ್ತದೆ, ಅದನ್ನು ಬಯಲಿಗೆ ತರಲು ಯಾವ ಪ್ರಶ್ನೆ ಕೇಳುತ್ತೀರಿ ಎಂಬ ಮೂರನ್ನೂ ಬರೆಯಬೇಕೆಂದು ಕಡ್ಡಾಯ ಮಾಡಿ. ಆರು ವಾರಗಳ ನಂತರ ಅದೇ ಪ್ರಶಿಕ್ಷಣಾರ್ಥಿಗೆ ಅದೇ ಋತುಗಳ ಪಾಠವನ್ನು ಮತ್ತೆ ಕೊಡಿ. ಆ ಕಾಲಂ ತುಂಬಲು ಅವರಷ್ಟು ಅರ್ಹರು ನಿಮ್ಮ ತರಗತಿಯಲ್ಲಿ ಬೇರೊಬ್ಬರಿಲ್ಲ, ಇದನ್ನು ಅವರಿಗೆ ನೇರವಾಗಿಯೇ ಹೇಳಿ.

ಕೋಲನ್ನು ಈ ವಾರವೇ ನೆಡಿಸಿ, ವಾರಕ್ಕೊಂದು ಅಳತೆ ಸಾಕು. ಆಗಸ್ಟ್ ಮಧ್ಯದಲ್ಲಿ ಮೋಡವಿದ್ದು ಶೂನ್ಯ ನೆರಳು ಕಾಣದೆ ಹೋಗಬಹುದು. ಅದರ ಹಿಂದುಮುಂದಿನ ವಾರಗಳ ಅಳತೆಗಳಿದ್ದರೆ ನೆರಳು ದಕ್ಷಿಣದಿಂದ ಉತ್ತರಕ್ಕೆ ದಾಟಿದ್ದು ನಕ್ಷೆಯಲ್ಲಿ ಕಾಣುತ್ತದೆ. ಡಿಸೆಂಬರ್ 21 ಭಾನುವಾರವಾದರೆ ಹಿಂದಿನ ದಿನವೋ ಮರುದಿನವೋ ಅಳೆಯಿರಿ, ಆ ದಿನಗಳಲ್ಲಿ ನೆರಳಿನ ಉದ್ದ ಒಂದು ಮಿಲಿಮೀಟರಿನಷ್ಟೂ ಬದಲಾಗುವುದಿಲ್ಲ.